ಆರೋಗ್ಯ ತಪಾಸಣೆ ಶಿಬಿರ: ಹೋಗುವವರೂ ಮಾಡುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯಲ್ಲಿ ಶಿಬಿರಗಳಿಗೆ ಕಾಲವೇ ಬೇಕಿಲ್ಲ. ಬನಶಂಕರಿ ಜಾತ್ರೆಗೆ ಒಂದು, ನಾಯಕರ ಹುಟ್ಟುಹಬ್ಬಕ್ಕೆ ಒಂದು, ಸಂಘದ ಬೆಳ್ಳಿಹಬ್ಬಕ್ಕೆ ಇನ್ನೊಂದು. ಪೆಂಡಾಲ್ ಹಾಕಿ, ಬ್ಯಾನರ್ ಕಟ್ಟಿ, ಬಿಪಿ ಮಷೀನು ತಂದಿಟ್ಟರೆ ಕೆಲಸ ಶುರು. ಇದರ ಜೊತೆಗೆ ಸರ್ಕಾರದ ತಪಾಸಣೆ ವರ್ಷವಿಡೀ ಮನೆಮನೆಗೆ ಬರುತ್ತದೆ. ಇಂಥ ಶಿಬಿರಗಳಲ್ಲಿ ಓಡಾಡುವಾಗ ಓಣಿಯ ಜನ, ಆಶಾ ಕಾರ್ಯಕರ್ತೆಯರು, ಶಿಬಿರ ನಡೆಸುವ ಯುವಕ ಮಂಡಳದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಪುಕ್ಕಟೆ ಪರೀಕ್ಷೆ ಮಾಡ್ತಾರೆ. ಒಳ್ಳೇದೇ ಅಲ್ವಾ? ಇದರಲ್ಲಿ ಸರಿ ತಪ್ಪಿನ ಮಾತು ಯಾಕೆ?

ಹೊಟ್ಟೆ ನೋವು ಅಂತ ನೀವು ದವಾಖಾನೆಗೆ ಹೋಗುತ್ತೀರಿ. ಅಲ್ಲಿ ನೀವು ಕೇಳಿದ್ದಕ್ಕೆ ಡಾಕ್ಟರು ನೋಡುತ್ತಾರೆ. ತಪಾಸಣೆ ಹಾಗಲ್ಲ. ಆರಾಮಾಗಿ ಮಗ್ಗದ ಮುಂದೆ ಕೂತವರ ಹತ್ತಿರ ನಾವೇ ಹೋಗಿ, "ನಿಮಗೆ ಏನೋ ಇರಬಹುದು, ನೋಡೋಣ" ಅನ್ನುತ್ತೇವೆ. ಕರೆಯದೇ ಹೋದವರು ನಾವು. ಹಾಗಾಗಿ ನಮ್ಮ ಮೇಲೆ ಹೊಣೆ ಜಾಸ್ತಿ. ಪರೀಕ್ಷೆಯಿಂದ ಅವರಿಗೆ ಲಾಭ ಇದೆ ಅಂತ ಮೊದಲೇ ಗೊತ್ತಿರಬೇಕು. ಏನಾದರೂ ಕಂಡರೆ ಮುಂದೆ ಎಲ್ಲಿಗೆ ಹೋಗಬೇಕು ಅಂತ ಹೇಳಲು ಬರಬೇಕು. ಅಲ್ಲಿ ಚಿಕಿತ್ಸೆ ನಿಜಕ್ಕೂ ಸಿಗಬೇಕು. ಇಷ್ಟು ಇಲ್ಲದಿದ್ದರೆ, ಆರಾಮಿದ್ದವರ ತಲೆಗೆ ಒಂದು ಚಿಂತೆ ಹಾಕಿ ಎದ್ದು ಬಂದಹಾಗೆ ಆಗುತ್ತದೆ.

ಯಾವ ಕಾಯಿಲೆಗೆ ತಪಾಸಣೆ ಮಾಡಬೇಕು, ಯಾವುದಕ್ಕೆ ಬೇಡ ಅಂತ ಹೇಗೆ ತೀರ್ಮಾನಿಸುತ್ತಾರೆ?

ಇದಕ್ಕೆ ಹಳೆಯದೊಂದು ಅಳತೆ ಇದೆ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ಇಬ್ಬರು ಹತ್ತು ನಿಯಮ ಬರೆದರು. ಕಾಯಿಲೆ ದೊಡ್ಡದಿರಬೇಕು. ಲಕ್ಷಣ ಕಾಣುವ ಮೊದಲು ಅದಕ್ಕೊಂದು ಹಂತ ಇರಬೇಕು. ಪರೀಕ್ಷೆಯನ್ನು ಜನ ಒಪ್ಪುವಂತಿರಬೇಕು. ಒಪ್ಪಿತ ಚಿಕಿತ್ಸೆ ಇರಬೇಕು, ಅದನ್ನು ಕೊಡುವ ಜಾಗವೂ ಇರಬೇಕು. ಒಂದು ದಿನ ಮಾಡಿ ಬಿಡುವುದಲ್ಲ, ನಿರಂತರ ನಡೆಯಬೇಕು. ಅರ್ಧ ಶತಮಾನ ದಾಟಿದರೂ ಈ ಪಟ್ಟಿ ಹಳತಾಗಿಲ್ಲ. ನಮ್ಮ ಬಹಳಷ್ಟು ಒಂದು ದಿನದ ಶಿಬಿರಗಳು ಆ ಕೊನೆಯ ನಿಯಮದಲ್ಲೇ ನಪಾಸಾಗುತ್ತವೆ.

ಆಶಾ ಬಂದು ಫಾರ್ಮ್ ತುಂಬಿಕೊಂಡು ಹೋದರು. ಅದೇನು?

ಸಿಬ್ಯಾಕ್ ಫಾರ್ಮ್. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್, ಜೊತೆಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮದ ಮೊದಲ ಹೆಜ್ಜೆ ಅದು. ವಯಸ್ಸು, ತಂಬಾಕು, ಸೆರೆ ಕುಡಿಯುವುದು, ಸೊಂಟದ ಅಳತೆ, ಮೈಗೆ ಎಷ್ಟು ಕೆಲಸ, ಮನೆಯಲ್ಲಿ ಯಾರಿಗಾದರೂ ಬಿಪಿ ಶುಗರ್ ಇದೆಯಾ ಅಂತ ಕೇಳಿ ಅಂಕ ಹಾಕುತ್ತಾರೆ. ನಾಲ್ಕಕ್ಕಿಂತ ಜಾಸ್ತಿ ಬಂದರೆ ನಿಮ್ಮನ್ನು ಮೊದಲು ಕರೆಯಬೇಕು ಅಂತ ಅರ್ಥ, ಅಷ್ಟೇ. ಅಂಕ ಕಮ್ಮಿ ಬಂದವರಿಗೂ ತಪಾಸಣೆ ಇದೆ.

ಗುಳೇದಗುಡ್ಡದ ಒಂದು ಓಣಿಯಲ್ಲಿ ಈ ಫಾರ್ಮ್ ತುಂಬುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕಟ್ಟೆಯ ಮೇಲೆ ಅತ್ತೆ, ಸೊಸೆ, ಇಬ್ಬರು ನೆರೆಯವರು. ಒಳಗಿನಿಂದ ಮಗ್ಗದ ಸದ್ದು. ಆಶಾ ಕಾರ್ಯಕರ್ತೆ ಸೊಸೆಯನ್ನು ಕೇಳಿದರು: "ತಂಬಾಕು ಹಾಕ್ತೀರೇನ್ರಿ? ಮಿಶ್ರಿ?" ಮಿಶ್ರಿ ಅಂದರೆ ಒಸಡಿಗೆ ಉಜ್ಜುವ ಹುರಿದ ತಂಬಾಕಿನ ಪುಡಿ. ಸೊಸೆ ಅತ್ತೆಯ ಮುಖ ನೋಡಿ ಇಲ್ಲ ಅಂದಳು. ಅವಳ ಒಸಡು ಬೇರೆಯೇ ಹೇಳುತ್ತಿತ್ತು. ಆಶಾ ಫಾರ್ಮಿನಲ್ಲಿ ಏನೂ ಬರೆಯಲಿಲ್ಲ. ನೀರು ಕೇಳುವ ನೆಪದಲ್ಲಿ ಒಳಗೆ ಹೋಗಿ, ಅಡುಗೆಮನೆಯಲ್ಲಿ ಮತ್ತೆ ಕೇಳಿ ಬಂದು ಬರೆದರು. ಯಾವ ತರಬೇತಿಯಲ್ಲೂ ಇದನ್ನು ಹೀಗೆ ಹೇಳಿಕೊಡುವುದಿಲ್ಲ.

ಅದೇ ಫಾರ್ಮಿನಲ್ಲಿ ಮುಂದೆ ಎದೆಯಲ್ಲಿ ಗಂಟು ಇದೆಯಾ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋಗುತ್ತಾ ಅನ್ನುವ ಪ್ರಶ್ನೆಗಳಿವೆ. ಕಟ್ಟೆಯ ಮೇಲೆ ಅವನ್ನು ಕೇಳಿದರೆ ಸಿಗುವ ಉತ್ತರಕ್ಕೆ ಬೆಲೆಯಿಲ್ಲ. ಕೇಳಿಸಿಕೊಂಡವರ ಮರ್ಯಾದೆಯೂ ಹೋಗುತ್ತದೆ.

ಪಾಸಿಟಿವ್ ಬಂತು. ಅಂದ್ರೆ ಕಾಯಿಲೆ ಇದೆ ಅಂತಾನಾ?

ಇಲ್ಲ. ಇದೊಂದು ಮಾತನ್ನು ಜನರಿಗೆ ಮುಟ್ಟಿಸಿದರೆ ಅರ್ಧ ಗಾಬರಿ ಇಳಿಯುತ್ತದೆ. ತಪಾಸಣೆ ಅಂದರೆ ಜೋಳ ಕೇರಿದ ಹಾಗೆ. ಮೊದಲ ಸುತ್ತಿನಲ್ಲಿ ಹೊಟ್ಟಿನ ಜೊತೆ ಒಳ್ಳೆ ಕಾಳೂ ಹಾರುತ್ತದೆ, ಮತ್ತೊಮ್ಮೆ ಕೂತು ಆರಿಸಬೇಕು.

ಲೆಕ್ಕ ಹಾಕಿ ನೋಡೋಣ. ಇದು ಬರೀ ಉದಾಹರಣೆಯ ಲೆಕ್ಕ. 1000 ಜನರಲ್ಲಿ 10 ಮಂದಿಗೆ ನಿಜಕ್ಕೂ ಕಾಯಿಲೆ ಇದೆ ಅಂತ ಇಟ್ಟುಕೊಳ್ಳಿ. ಪರೀಕ್ಷೆ ಅವರಲ್ಲಿ 8 ಮಂದಿಯನ್ನು ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ ನೂರಕ್ಕೆ ಹತ್ತು ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ, ಅಂದರೆ 99 ಮಂದಿಗೆ. ಒಟ್ಟು 107 ಮಂದಿ ಪಾಸಿಟಿವ್. ಕಾಯಿಲೆ ಇರುವುದು 8 ಮಂದಿಗೆ ಮಾತ್ರ. ಪರೀಕ್ಷೆ ಕೆಟ್ಟದ್ದು ಅಂತಲ್ಲ. ಕಾಯಿಲೆ ಅಪರೂಪವಾಗಿದ್ದಾಗ ಲೆಕ್ಕ ಬರುವುದೇ ಹೀಗೆ. ಆ 99 ಮಂದಿಗೆ ಎರಡನೇ ಪರೀಕ್ಷೆ ಆಗುವವರೆಗೆ ನಿದ್ದೆ ಬರುವುದಿಲ್ಲ. ಎರಡನೇ ಪರೀಕ್ಷೆ ಎರಡು ದಿನದಲ್ಲಿ ಆಗುತ್ತದೋ ಎರಡು ತಿಂಗಳಿಗೋ ಅನ್ನುವುದು ಶಿಬಿರ ಮಾಡಿದವರ ಕೈಯಲ್ಲಿದೆ.

ಬಿಪಿಯದ್ದೂ ಇದೇ ಕಥೆ. ಬಿಸಿಲಲ್ಲಿ ನಡೆದು ಬಂದು, ಕ್ಯೂನಲ್ಲಿ ಜಗಳ ಆಡಿ, ಕೂತ ತಕ್ಷಣ ಪಟ್ಟಿ ಕಟ್ಟಿದರೆ 150 ತೋರಿಸುತ್ತದೆ. ಐದು ನಿಮಿಷ ಸುಮ್ನೆ ಕೂರಿಸಿ ಮತ್ತೆ ನೋಡಬೇಕು, ಇನ್ನೊಂದು ದಿನವೂ ನೋಡಬೇಕು. ಬೆರಳು ಚುಚ್ಚಿ ನೋಡಿದ ಶುಗರ್ 140 ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು ಅಂತ ಇದೆ. ಅವತ್ತೇ "ನಿಮಗೆ ಸಕ್ಕರೆ ಕಾಯಿಲೆ" ಅಂತ ಚೀಟಿ ಬರೆದುಕೊಡುವುದಲ್ಲ.

ನೆಗೆಟಿವ್ ಬಂದರೆ ನಿಶ್ಚಿಂತೆಯಾ?

ಇವತ್ತಿನ ಮಟ್ಟಿಗೆ. ಬಿಪಿ ಶುಗರ್ ವರ್ಷಕ್ಕೊಮ್ಮೆ, ಆ ಮೂರು ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ ಅಂತ ಕಾರ್ಯಕ್ರಮದಲ್ಲಿ ಇಟ್ಟಿರುವುದು ಅದಕ್ಕೇ. ನಡುವೆ ಗಂಟು ಕಂಡರೆ, ಬಾಯಿಹುಣ್ಣು ಮಾಯದಿದ್ದರೆ ಐದು ವರ್ಷ ಕಾಯುವ ಹಾಗಿಲ್ಲ. ನಿಪ್ಪಾಣಿ ಕಡೆಯ ಬೀಡಿ ಕಟ್ಟುವವರಿಗೂ ಗುಟ್ಕಾ ಬಿಡದ ಹುಡುಗರಿಗೂ ಇದನ್ನು ಒತ್ತಿ ಹೇಳಬೇಕು. "ಟಾರ್ಚ್ ಹಾಕಿ ನೋಡಿದ್ರು, ಏನೂ ಇಲ್ಲಂದ್ರು" ಅನ್ನುವುದು ತಂಬಾಕಿಗೆ ಸಿಕ್ಕ ಪರವಾನಗಿ ಆಗಬಾರದು.

ಬೇಗ ಕಂಡುಹಿಡಿದಷ್ಟೂ ಒಳ್ಳೇದು ಅಂತಾರೆ. ಹಾಗಾದ್ರೆ ಎಲ್ಲ ಪರೀಕ್ಷೆ ಎಲ್ಲರಿಗೂ ಮಾಡಿಬಿಡಬಹುದಲ್ಲ?

ದಕ್ಷಿಣ ಕೊರಿಯಾ ಬಹುಮಟ್ಟಿಗೆ ಹಾಗೇ ಮಾಡಿತು. 1999ರಲ್ಲಿ ಅಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಥೈರಾಯ್ಡ್ ಅದರ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೆ ಕುತ್ತಿಗೆಯ ಸ್ಕ್ಯಾನೂ ಮಾಡುತ್ತೇವೆ ಅಂತ ಆಸ್ಪತ್ರೆಗಳು ಹೇಳಿದವು, ಜನ ಮಾಡಿಸಿಕೊಂಡರು. 1993ಕ್ಕೆ ಹೋಲಿಸಿದರೆ 2011ರಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಷ್ಟೇ ಇತ್ತು. ಅಂದರೆ ಹಿಡಿದದ್ದರಲ್ಲಿ ಬಹುಪಾಲು ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಇದ್ದುಬಿಡುತ್ತಿದ್ದ ಗಂಟುಗಳು. ಆದರೂ ಬಹುತೇಕ ಎಲ್ಲರಿಗೂ ಆಪರೇಷನ್ ಆಯಿತು. ಅವರಲ್ಲಿ ಬಹಳ ಮಂದಿಗೆ ಜೀವನಪೂರ್ತಿ ಗುಳಿಗೆ. ನೂರಕ್ಕೆ ಸುಮಾರು 11 ಮಂದಿಗೆ ಕ್ಯಾಲ್ಸಿಯಂ ಕಾಯುವ ಗ್ರಂಥಿ ಕೆಟ್ಟಿತು, ಇಬ್ಬರಿಗೆ ಧ್ವನಿಯ ನರಕ್ಕೆ ಪೆಟ್ಟು ಬಿತ್ತು.

"ಬೇಗ ಹಿಡಿದವರು ಜಾಸ್ತಿ ವರ್ಷ ಬದುಕಿದರು" ಅನ್ನುವ ಲೆಕ್ಕದಲ್ಲೂ ಒಂದು ಮೋಸ ಅಡಗಿರಬಹುದು. ಒಬ್ಬರು 70ಕ್ಕೆ ತೀರಿಕೊಳ್ಳುತ್ತಾರೆ ಅಂದುಕೊಳ್ಳಿ. ಕಾಯಿಲೆ 67ಕ್ಕೆ ಗೊತ್ತಾದರೆ ಮೂರು ವರ್ಷ ಬದುಕಿದರು ಅನ್ನುತ್ತೇವೆ, 62ಕ್ಕೆ ಗೊತ್ತಾದರೆ ಎಂಟು ವರ್ಷ. ಸತ್ತದ್ದು 70ಕ್ಕೇ. ಐದು ವರ್ಷ ಜಾಸ್ತಿ ಸಿಕ್ಕಿದ್ದು ಚಿಂತೆಗೆ. ಅದಕ್ಕೇ ಸಾವು ಕಮ್ಮಿ ಆಯಿತಾ ಅಂತಲೇ ಕೇಳಬೇಕು.

ಕಮ್ಮಿ ಆದ ಉದಾಹರಣೆಗಳೂ ಇವೆ, ನಮ್ಮ ಹತ್ತಿರದಲ್ಲೇ.

ಉಸ್ಮಾನಾಬಾದ್ ಅಧ್ಯಯನದ ಹೆಸರು ಕೇಳಿದ್ದೇನೆ. ಅದೇನು?

ಸೋಲಾಪುರದ ಆಚೆಗಿನ ಜಿಲ್ಲೆ, ಈಗ ಧಾರಾಶಿವ. ಅಲ್ಲಿನ ಹಳ್ಳಿಗಳ 30ರಿಂದ 59 ವಯಸ್ಸಿನ ಸುಮಾರು 1,31,000 ಹೆಣ್ಣುಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಗರ್ಭಕೊರಳಿನ ಕ್ಯಾನ್ಸರಿನ ಮೂರು ಬೇರೆ ಬೇರೆ ತಪಾಸಣೆ. ನಾಲ್ಕನೇ ಗುಂಪಿಗೆ ತಪಾಸಣೆ ಇಲ್ಲ. 2009ರಲ್ಲಿ ಫಲಿತಾಂಶ ಬಂತು. ಒಂದೇ ಸಲ, ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ ಮಾಡಿದ 34 ಸಾವಿರ ಹೆಂಗಸರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ಇಲ್ಲದ 31 ಸಾವಿರದಲ್ಲಿ 64. ಹೆಚ್ಚುಕಮ್ಮಿ ಅರ್ಧಕ್ಕರ್ಧ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಅಸಿಟಿಕ್ ಆಮ್ಲ ಹಚ್ಚಿ ನೋಡುವ ಅಗ್ಗದ ಪರೀಕ್ಷೆ ಮಾಡಿದರು. ಸಾವು ನೂರಕ್ಕೆ 31ರಷ್ಟು ಇಳಿಯಿತು. ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡುವ ವಿಐಎ ಪರೀಕ್ಷೆ ಅದೇ.

ಈಗ ಕಷ್ಟದ ಪ್ರಶ್ನೆ. ಆ 64 ಹೆಂಗಸರ ಪಾಡೇನು? ಗರ್ಭಕೊರಳಿನ ಜೀವಕೋಶ ಸವರಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯಿಂದ ಈ ಕ್ಯಾನ್ಸರ್ ತಡೆಯಬಹುದು ಅಂತ ಬೇರೆ ದೇಶಗಳಿಗೆ ದಶಕಗಳಿಂದ ಗೊತ್ತಿತ್ತು. ಗೊತ್ತಿದ್ದೂ ಒಂದು ಗುಂಪಿಗೆ ಏನೂ ಮಾಡದೆ ಕಾದು ನೋಡಿದ್ದು ಸರಿಯಾ ಅಂತ ದೊಡ್ಡ ತಕರಾರು ಎದ್ದಿತು. ಸಂಶೋಧಕರ ಉತ್ತರ ಇಷ್ಟು: ಭಾರತದ ಹಳ್ಳಿಯಲ್ಲಿ ಆಗ ತಪಾಸಣೆಯೇ ಇರಲಿಲ್ಲ, ನಾವು ಯಾರಿಂದಲೂ ಏನನ್ನೂ ಕಿತ್ತುಕೊಂಡಿಲ್ಲ, ಬಡ ಜಿಲ್ಲೆಯಲ್ಲಿ ನಡೆಯುವಂಥ ಪರೀಕ್ಷೆ ಯಾವುದು ಅಂತ ತಿಳಿಯಲು ಬೇರೆ ದಾರಿ ಇರಲಿಲ್ಲ.

ನನಗೆ ಈ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ. "ಅಲ್ಲಿ ಮೊದಲೂ ಏನೂ ಇರಲಿಲ್ಲ" ಅನ್ನುವುದನ್ನೇ ಅಳತೆ ಮಾಡಿಕೊಂಡರೆ ಬಡವರ ಊರಲ್ಲಿ ಯಾವ ಪ್ರಯೋಗಕ್ಕೂ ಸಮರ್ಥನೆ ಸಿಗುತ್ತದೆ. ಆದರೆ ಆ ಅಧ್ಯಯನಗಳಿಲ್ಲದೆ ಇವತ್ತು ವಿಐಎ, ಎಚ್‌ಪಿವಿ ಪರೀಕ್ಷೆಗಳ ಪರ ಮಾತಾಡಲು ನಮ್ಮದೇ ನೆಲದ ಆಧಾರ ಇರುತ್ತಿರಲಿಲ್ಲ ಅನ್ನುವುದೂ ನಿಜ. ಇನ್ನೂ ಬೇಸರದ ಸಂಗತಿ ಮುಂದಿದೆ. ಇಷ್ಟೆಲ್ಲ ಗೊತ್ತಾದ ಹತ್ತು ವರ್ಷದ ಮೇಲೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಆ ಹೆಂಗಸರ ಋಣ ಇನ್ನೂ ತೀರಿಲ್ಲ.

ವಿಐಎ ಮಾಡುವಾಗ ಏನಾಗುತ್ತೆ? ನಾಚಿಕೆ ಆಗುತ್ತೆ, ಬೇಡ ಅನ್ನಬಹುದಾ?

ಮೇಜಿನ ಮೇಲೆ ಮಲಗಬೇಕು. ಗರ್ಭಕೊರಳು ಕಾಣುವಂತೆ ಒಂದು ಉಪಕರಣ ಇಡುತ್ತಾರೆ. ಹತ್ತಿಯಿಂದ ತೆಳುವಾದ ಅಸಿಟಿಕ್ ಆಮ್ಲ ಹಚ್ಚುತ್ತಾರೆ, ವಿನೆಗರ್ ವಾಸನೆ ಬರುತ್ತದೆ. ಸ್ವಲ್ಪ ಚುರುಚುರು ಅನ್ನಬಹುದು. ಒಂದು ನಿಮಿಷ ಕಾಯುತ್ತಾರೆ. ಬಿಳಿ ಮಚ್ಚೆ ಎದ್ದರೆ ಮುಂದೆ ನೋಡಬೇಕು ಅಂತ. ಆ ಮಚ್ಚೆ ಬಹಳ ಸಲ ಕ್ಯಾನ್ಸರ್ ಅಲ್ಲ, ಸೋಂಕೋ ಊತವೋ ಆಗಿರುತ್ತದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ, ಹಾಗಾಗಿ ಈ ಪರೀಕ್ಷೆ ಅಷ್ಟು ಸರಿಯಾಗಿ ಹೇಳುವುದಿಲ್ಲ.

ಬೇಡ ಅನ್ನಬಹುದು. ಮೇಜು ಹತ್ತಿದ ಮೇಲೂ ಅನ್ನಬಹುದು. ನರ್ಸ್ ಹೆಂಗಸೇ ಆಗಿರಬೇಕು, ಪರದೆ ಬೇಕು, ಬಾಗಿಲಿಗೆ ಚಿಲಕ ಬೇಕು ಅಂತ ಕೇಳುವುದು ಹಟವಲ್ಲ. ಜಮಖಂಡಿ ಕಡೆಯ ಒಂದು ಕೇಂದ್ರದಲ್ಲಿ ಕಿಟಕಿಗೆ ಹಳೆಯ ಸೀರೆ ಕಟ್ಟಿದ ದಿನದಿಂದ ಒಪ್ಪುವವರ ಸಂಖ್ಯೆ ಏರಿತು ಅಂತ ಅಲ್ಲಿನ ಸಿಬ್ಬಂದಿ ಹೇಳಿದ್ದು ನೆನಪಿದೆ. ಭಾಷಣಕ್ಕಿಂತ ಪರದೆ ಜಾಸ್ತಿ ಕೆಲಸ ಮಾಡಿತ್ತು.

ಒಪ್ಪಿಗೆ ಯಾರದ್ದು ಅನ್ನುವ ಪ್ರಶ್ನೆಯೂ ಬರುತ್ತದೆ. ಅದು ಆ ಹೆಣ್ಣುಮಗಳದ್ದೇ. ಗಂಡ ಸಹಿ ಹಾಕಬೇಕಿಲ್ಲ, ಅತ್ತೆಯ ಅಪ್ಪಣೆ ಬೇಕಿಲ್ಲ. ಹಾಗೇ, ಗಂಡ ಒಪ್ಪಿದ ಅಂತ ಅವಳನ್ನು ಮೇಜು ಹತ್ತಿಸುವ ಹಾಗೂ ಇಲ್ಲ.

"ಮಚ್ಚೆ ಇದೆ, ಗರ್ಭಕೋಶವನ್ನೇ ತೆಗೆಸಿಬಿಡಿ" ಅಂದರು. ಏನು ಮಾಡಲಿ?

ನಿಲ್ಲಿ. ವಿಐಎ ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ ಕಾಲ್ಪೋಸ್ಕೋಪಿ, ಅಂದರೆ ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಯಂತ್ರದಿಂದ ನೋಡುವುದು. ಬೇಕಾದರೆ ಬಯಾಪ್ಸಿ, ಅಂದರೆ ಸಣ್ಣ ಚೂರು ತೆಗೆದು ಪರೀಕ್ಷಿಸುವುದು. ಕ್ಯಾನ್ಸರಿಗೆ ಮುಂಚಿನ ಹಂತವಾದರೆ ಆ ಮಚ್ಚೆಯನ್ನಷ್ಟೇ ಶೀತದಿಂದಲೋ ಶಾಖದಿಂದಲೋ ಸುಟ್ಟು ತೆಗೆಯುವ ಚಿಕಿತ್ಸೆ ಇದೆ. ಗರ್ಭಕೋಶಕ್ಕೆ ಕೈ ಹಾಕುವ ಮಾತು ಅಲ್ಲಿ ಬರುವುದು ಕಮ್ಮಿ. ಬಿಳಿಸೆರಗಿಗೆ, ಸೊಂಟನೋವಿಗೆ "ಕ್ಯಾನ್ಸರ್ ಆಗಬಹುದು" ಅಂತ ಹೆದರಿಸಿ ಗರ್ಭಕೋಶ ತೆಗೆಸುವುದು ಕಬ್ಬಿನ ಸೀಮೆಯ ಹಳೆಯ ಪಿಡುಗು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಸುದ್ದಿಯನ್ನು 2019ರಲ್ಲಿ ದೇಶವೇ ಓದಿತು. ನಮ್ಮ ವಿಜಯಪುರದ ತಾಂಡಾಗಳಿಂದಲೂ ಗ್ಯಾಂಗುಗಳು ಆ ಕಡೆ ಹೋಗುತ್ತವೆ. ಬೇಡದ ಗರ್ಭಕೋಶ ಆಪರೇಷನ್‌ಗಳ ಮೇಲೆ ನಿಗಾ ಇಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

2008ರ ಇನ್ನೊಂದು ತೀರ್ಪೂ ಗೊತ್ತಿರಲಿ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಅಲ್ಲಿ ಸ್ಪಷ್ಟ ಮಾಡಿತು. ಆ ಪ್ರಕರಣದಲ್ಲಿ ಹೆಂಗಸು ಪರೀಕ್ಷೆಗೆ ಅಂತ ಅರಿವಳಿಕೆಯಲ್ಲಿದ್ದರು. ಆಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಅದು ತಪ್ಪು ಅಂತ ಕೋರ್ಟ್ ಹೇಳಿತು.

ಶಿಬಿರದಲ್ಲಿ ಮೈಕಿನಲ್ಲಿ ಹೆಸರು ಕೂಗಿ "ಶುಗರ್ ಇದ್ದವರು ಈ ಕಡೆ" ಅಂತಾರೆ. ಸರಿಯಾ?

ತಪ್ಪು. ಶುಗರ್ ತಾನೇ, ಏನಾಯ್ತೀಗ ಅನ್ನಬಹುದು. ಮದುವೆಗೆ ಬಂದ ಮಗಳಿರುವ ಮನೆಯವರನ್ನು ಕೇಳಿ ನೋಡಿ. ಟಿಬಿ, ಎಚ್‌ಐವಿ ವಿಷಯದಲ್ಲಂತೂ ಒಂದು ಮಾತು ಹೊರಬಿದ್ದರೆ ಬದುಕೇ ಬುಡಮೇಲು. ಈ ಭಾಗದ ಜಿಲ್ಲೆಗಳು ಎಚ್‌ಐವಿಯ ಏಟನ್ನು ಜಾಸ್ತಿಯೇ ತಿಂದಿವೆ, ಅದರ ಅವಮಾನವನ್ನೂ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿಸಿ ಹೇಳಿ, ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು, ಫಲಿತಾಂಶ ಗುಟ್ಟಾಗಿರಬೇಕು. "ರಕ್ತ ತಗೊಂಡಿದ್ದೀವಲ್ಲ, ಅದನ್ನೂ ನೋಡಿಬಿಡೋಣ" ಅನ್ನುವ ಹಾಗಿಲ್ಲ.

ಆಭಾ ನಂಬರ್ ಕೊಡದಿದ್ದರೆ ತಪಾಸಣೆ ಇಲ್ಲ ಅಂದರು.

ಆಭಾ ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ನಂಬರ್. ಅದನ್ನು ಮಾಡಿಸುವುದು ಬಿಡುವುದು ನಿಮ್ಮ ಇಷ್ಟ. ಅದಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಇನ್ನು ಖಾಸಗಿ ಶಿಬಿರಗಳಲ್ಲಿ ಮೊಬೈಲ್ ನಂಬರ್ ಯಾಕೆ ಕೇಳುತ್ತಾರೆ ಅಂತ ನೀವೂ ತಿರುಗಿ ಕೇಳಿ. ಫಲಿತಾಂಶ ಹೇಳಲು ಆದರೆ ಸರಿ. ಮರುದಿನದಿಂದ ಇನ್ಶೂರೆನ್ಸ್ ಫೋನು ಬರತೊಡಗಿದರೆ ಆ ಶಿಬಿರ ಯಾಕೆ ನಡೆಯಿತು ಅಂತ ಗೊತ್ತಾಯಿತಲ್ಲ.

999 ರೂಪಾಯಿಗೆ 80 ಪರೀಕ್ಷೆ ಅನ್ನೋ ಪ್ಯಾಕೇಜ್ ಮಾಡಿಸಲಾ?

ಬೇಡ. ಅಷ್ಟು ಪರೀಕ್ಷೆ ಮಾಡಿದರೆ ಒಂದೆರಡಾದರೂ ಗೆರೆ ದಾಟಿಯೇ ದಾಟುತ್ತವೆ. ಅದನ್ನು ಬೆನ್ನಟ್ಟಿ ಇನ್ನಷ್ಟು ಖರ್ಚು. ಏನೂ ಲಕ್ಷಣ ಇಲ್ಲದವರಿಗೆ ಟ್ಯೂಮರ್ ಮಾರ್ಕರ್ ಅಂತ ಕ್ಯಾನ್ಸರಿನ ಸುಳಿವು ಹುಡುಕುವ ರಕ್ತ ಪರೀಕ್ಷೆ ಮಾಡುವುದರಲ್ಲಿ ಹೆದರಿಕೆ ಬಿಟ್ಟರೆ ಜಾಸ್ತಿ ಏನೂ ಸಿಗುವುದಿಲ್ಲ.

ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲೂ ಈ ಪ್ರಶ್ನೆಗಳು ಬರುತ್ತವಾ?

ಬರುತ್ತವೆ, ಇನ್ನೂ ಚೂಪಾಗಿ. ಐದನೇ ತಿಂಗಳ ಹೊತ್ತಿಗೆ ಮಾಡುವ ಸ್ಕ್ಯಾನ್ ಮಗುವಿನ ಅಂಗಾಂಗ ನೋಡಲು. ಗಂಡೋ ಹೆಣ್ಣೋ ಹೇಳುವುದು 1994ರ ಕಾಯ್ದೆಯಡಿ ಅಪರಾಧ. ದೋಷ ಕಂಡರೆ ತಾಯಿಗೆ ಪೂರ್ತಿ ಮಾಹಿತಿ ಕೊಡಬೇಕು, ಆತುರಪಡಿಸಬಾರದು. ನಮ್ಮಲ್ಲಿ ಸೋದರಮಾವನ ಜೊತೆ ಮದುವೆ ಇನ್ನೂ ಇದೆ. ಇಂಥ ಹೊತ್ತಲ್ಲಿ ಆ ಹೆಣ್ಣುಮಗಳನ್ನು ಅದಕ್ಕಾಗಿ ಬೈಯುವ ಡಾಕ್ಟರುಗಳೂ ಇದ್ದಾರೆ. ಅವಳಿಗೆ ಆಗ ಬೇಕಾದ್ದು ಅದಲ್ಲ.

ಟಿಬಿ ತಪಾಸಣೆಗೂ ಬೇಡ ಅನ್ನಬಹುದಾ?

ಇಲ್ಲಿ ಲೆಕ್ಕ ಸ್ವಲ್ಪ ಬೇರೆ. ನನ್ನ ಬಿಪಿ ಪಕ್ಕದ ಮನೆಗೆ ಹರಡುವುದಿಲ್ಲ, ಟಿಬಿ ಹರಡುತ್ತದೆ. ಹಾಗಾಗಿ ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆಗೆ ಒಪ್ಪಿ ಅಂತ ಒತ್ತಾಯದ ದನಿಯಲ್ಲೇ ಹೇಳುತ್ತೇನೆ. ಟಿಬಿ ಅಂತ ಗೊತ್ತಾದರೆ ಖಾಸಗಿ ಡಾಕ್ಟರೂ ಸರ್ಕಾರಕ್ಕೆ ತಿಳಿಸಲೇಬೇಕು, 2012ರಿಂದ ಹಾಗೆ ಇದೆ. ಗುಳಿಗೆ ಪುಕ್ಕಟೆ. ಚಿಕಿತ್ಸೆ ನಡೆಯುವಷ್ಟು ದಿನ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಬರುತ್ತದೆ. ಆದರೆ ಒತ್ತಾಯಕ್ಕೂ ಎಲ್ಲೆ ಇದೆ. ಬಾಗಿಲಿಗೆ ಗುರುತು ಹಾಕುವುದು, ಓಣಿಯವರ ಮುಂದೆ ಕಫದ ಡಬ್ಬಿ ಕೊಡುವುದು ಅದರಾಚೆಯ ಮಾತು.

ನಮ್ಮ ಸಂಘದಿಂದ ಊರಲ್ಲಿ ಶಿಬಿರ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಕೊನೆಯಿಂದ. ಪಾಸಿಟಿವ್ ಬಂದವರನ್ನು ಸೋಮವಾರ ಯಾರು, ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅನ್ನುವುದನ್ನು ಮೊದಲು ಬರೆದುಕೊಳ್ಳಿ. ತಾಲೂಕಿನ ಆಸ್ಪತ್ರೆಯಲ್ಲಿ ಯಾವ ವಾರ ಯಾವ ಡಾಕ್ಟರು ಇರುತ್ತಾರೆ ಅಂತ ಕೇಳಿಕೊಂಡು ಬನ್ನಿ. ಕ್ಯಾನ್ಸರ್ ಅನುಮಾನ ಬಂದರೆ ನಮ್ಮ ಜನ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಳಗಾವಿಗೋ, ಮೀರಜ್ ಸೋಲಾಪುರಕ್ಕೋ ಹೋಗಬೇಕಾಗುತ್ತದೆ. ಬಾಗಲಕೋಟೆಯಿಂದ ಹುಬ್ಬಳ್ಳಿಗೇ ಸುಮಾರು 120 ಕಿಲೋಮೀಟರ್. ಬಸ್ ಖರ್ಚು, ಎರಡು ದಿನದ ಕೂಲಿ, ಜೊತೆಗೆ ಬರುವವರ ಊಟ, ಇದೆಲ್ಲ ಬ್ಯಾನರ್ ಖರ್ಚಿಗಿಂತ ಮೊದಲು ಲೆಕ್ಕಕ್ಕೆ ಬರಬೇಕು. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ಚೀಟಿ ಯಾರು ಕೊಡುತ್ತಾರೆ ಅಂತ ಶಿಬಿರಕ್ಕೆ ಮುಂಚೆಯೇ ಹೋಗಿ ನೋಡಿ.

ಕಬ್ಬಿನ ಹಂಗಾಮಿನಲ್ಲಿ ಶಿಬಿರ ಇಡಬೇಡಿ. ದುಡಿಯುವವರು ಊರಲ್ಲೇ ಇರುವುದಿಲ್ಲ. ಮುಂಜಾನೆ ಹತ್ತಕ್ಕೆ ಇಟ್ಟರೆ ಕೂಲಿಗೆ ಹೋಗುವ ಹೆಂಗಸರು ಬರಲಾಗುವುದಿಲ್ಲ, ನೋಡಲೇಬೇಕಾದವರೇ ತಪ್ಪಿಹೋಗುತ್ತಾರೆ. ಪಟ್ಟಿ ಒಬ್ಬರ ಹತ್ತಿರ ಇರಲಿ, ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಪರೀಕ್ಷೆಯ ಸಾಲಿನಲ್ಲಿ ನಿಂತವರ ಫೋಟೊ ಬೇಡ.

ಆರು ತಿಂಗಳ ಮೇಲೆ ಆ ಪಟ್ಟಿ ತೆಗೆದು, ಕಳಿಸಿದವರಲ್ಲಿ ಎಷ್ಟು ಮಂದಿ ನಿಜಕ್ಕೂ ದವಾಖಾನೆ ಮುಟ್ಟಿದರು ಅಂತ ಮನೆಮನೆಗೆ ಹೋಗಿ ಕೇಳಿ. ಎರಡನೇ ಶಿಬಿರ ಮಾಡಬೇಕೋ ಬೇಡವೋ ಅನ್ನುವುದನ್ನು ಆಮೇಲೆ ಕೂತು ಮಾತಾಡಬಹುದು.